ಹೊಯ್ಸಳ ಗುಡಿ ಬಂತು, ಮಲಪನಗುಡಿ ಏಕೆ ಬರಲಿಲ್ಲ?

ಮಲಪನಗುಡಿ: ಹೊಸಪೇಟೆಯಿಂದ ಹಂಪಿಯತ್ತ ಸಾಗುವವರಿಗೆ ದಾರಿಯಲ್ಲಿ ಎದುರಾಗುವ ಊರು ಮಲಪನಗುಡಿ. ವಿಜಯನಗರ ಕಾಲದ ಗುಡಿಯೂ, ಜನರು ‘ಸೂಳೆ ಬಾವಿ’ ಎಂದು ಕರೆಯುವ ಕಲ್ಲಿನ ದೊಡ್ಡ ಬಾವಿಯೂ ಇಲ್ಲಿವೆ. ಈ ಊರಿನ ಯುವಕನೊಬ್ಬ ಬೆಂಗಳೂರಿನಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಕಲಿತು, ತನ್ನೂರಿನ ಬಾವಿಯನ್ನೇ ಕಥಾಭೂಮಿಯಾಗಿಸಿಕೊಂಡು ವಿಡಿಯೋ ಗೇಮ್ ಒಂದನ್ನು ಸಿದ್ಧಪಡಿಸಲು ಹೊರಟನೆಂದು ಇಟ್ಟುಕೊಳ್ಳಬಹುದು. ಆ ಆಟ ಮೊಬೈಲಿಗೆ ಬಂದೀತು, ಕಂಪ್ಯೂಟರಿಗೂ ಬಂದೀತು. ಆದರೆ ಟಿವಿಗೆ ಜೋಡಿಸಿ ಆಡುವ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಅಥವಾ ನಿಂಟೆಂಡೊ ಸ್ವಿಚ್‌ನಂಥ ಕನ್ಸೋಲ್‌ಗೆ ಬಂದೀತೇ?

ಯುವಕ ಕಾಲ್ಪನಿಕ, ಪ್ರಶ್ನೆ ಮಾತ್ರ ನಿಜವಾದದ್ದು. ಏಕೆಂದರೆ ಕರ್ನಾಟಕದ ಇತಿಹಾಸ ಈಗಾಗಲೇ ಕನ್ಸೋಲ್ ಏರಿದೆ. 2017ರಲ್ಲಿ ಪ್ಲೇಸ್ಟೇಷನ್ 4ಕ್ಕೆ ಬಂದ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ ಆಟದ ಕಥೆ ನಡೆಯುವುದು ಪಶ್ಚಿಮ ಘಟ್ಟದಲ್ಲಿ. ಹೊಯ್ಸಳ ಸಾಮ್ರಾಜ್ಯ, ಹಳೇಬೀಡು, ಬೇಲೂರುಗಳ ಹೆಸರು ಹಿಡಿದು, ಗಣೇಶನ ದಂತವನ್ನು ಹುಡುಕುವ ಕಥೆ ಅದು. ಆದರೆ ಅದನ್ನು ರೂಪಿಸಿದ್ದು ಅಮೆರಿಕದ ನಾಟಿ ಡಾಗ್ ಸಂಸ್ಥೆ.

ಜಾತ್ರೆಯ ಯಜಮಾನ, ಅಂಗಡಿಯ ವ್ಯಾಪಾರಿ

ನಾಟಿ ಡಾಗ್ 2001ರಿಂದಲೂ ಪ್ಲೇಸ್ಟೇಷನ್ ತಯಾರಿಸುವ ಸೋನಿಯ ಒಡೆತನದಲ್ಲಿದೆ. ಕನ್ಸೋಲ್ ಎಂಬುದನ್ನು ಒಂದು ಜಾತ್ರೆಗೆ ಹೋಲಿಸಿದರೆ, ನಾಟಿ ಡಾಗ್ ಜಾತ್ರೆಯ ಯಜಮಾನನ ಸ್ವಂತ ಅಂಗಡಿ. ಆ ಅಂಗಡಿಯ ಮೊದಲ ಕೆಲಸ ಜನರನ್ನು ಜಾತ್ರೆಗೆ ಸೆಳೆಯುವುದು. ಹೊರಗಿನ ಆಟ ತಯಾರಕನಾದರೋ ಜಾಗದ ಸುಂಕ ತೆತ್ತು ಅಂಗಡಿ ಹಾಕುವ ವ್ಯಾಪಾರಿ. ಎಷ್ಟು ಜನ ಸೇರುತ್ತಾರೆ, ಸರಕು ಸಾಗಿಸಲು ಎಷ್ಟು ಖರ್ಚು, ಸುಂಕವೆಷ್ಟು ಎಂಬ ಮೂರು ಲೆಕ್ಕಗಳು ಸರಿಹೊಂದದಿದ್ದರೆ ಆತ ಜಾತ್ರೆಗೆ ಬರುವುದೇ ಇಲ್ಲ.

ಈ ಹೊರಗಿನ ವ್ಯಾಪಾರಿಗಳ ವರ್ಗ ಹುಟ್ಟಿಕೊಂಡಿದ್ದೇ ಒಂದು ಜಗಳದಿಂದ. ಅಟಾರಿ ಸಂಸ್ಥೆಯಲ್ಲಿ ತಮ್ಮ ದುಡಿಮೆಗೆ ತಕ್ಕ ಹೆಸರೂ ಹಣವೂ ಸಿಗಲಿಲ್ಲವೆಂದು ಹೊರನಡೆದ ಪ್ರೋಗ್ರಾಮರುಗಳು 1979ರಲ್ಲಿ ಆಕ್ಟಿವಿಷನ್ ಕಟ್ಟಿದರು. ಅವರ ಹಿಂದೆಯೇ ಕಂಡಕಂಡವರೆಲ್ಲ ಆಟ ತಯಾರಿಸಲು ಮುಂದಾಗಿ, ಕಳಪೆ ಸರಕು ತುಂಬಿ, 1983ರಲ್ಲಿ ಅಮೆರಿಕದ ಮಾರುಕಟ್ಟೆ ಕುಸಿಯಿತು. 1985ರಲ್ಲಿ ಅಲ್ಲಿಗೆ ಕಾಲಿಟ್ಟ ನಿಂಟೆಂಡೊ ಅದರಿಂದ ಪಾಠ ಕಲಿತಿತ್ತು. ಪರವಾನಗಿ ಇಲ್ಲದ ಆಟ ಓಡದಂತೆ ಯಂತ್ರದೊಳಗೆ ಬೀಗದ ಚಿಪ್ ಅಳವಡಿಸಿತು; ಒಂದು ಸಂಸ್ಥೆ ವರ್ಷಕ್ಕೆ ಐದು ಆಟಗಳನ್ನಷ್ಟೇ ಹೊರತರಬಹುದೆಂಬ ನಿಯಮ ಹೇರಿತು. ಅನುಮತಿ ಪಡೆದು, ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಪಾಲು ಕೊಟ್ಟು ಮಾರುವ ಇಂದಿನ ಪದ್ಧತಿಯ ಬೇರು ಅಲ್ಲಿದೆ. ಈಗ ಆನ್‌ಲೈನ್ ಮಳಿಗೆಯಲ್ಲಿ ಮಾರಾಟವಾಗುವ ಆಟದ ಬೆಲೆಯಲ್ಲಿ ಸಾಮಾನ್ಯವಾಗಿ ಶೇ. 30ರಷ್ಟು ಕನ್ಸೋಲ್ ಸಂಸ್ಥೆಗೆ ಸೇರುತ್ತದೆ.

ಶಕ್ತಿಯಲ್ಲ, ಲೆಕ್ಕಾಚಾರ

ಯಂತ್ರ ಬಲಿಷ್ಠವಾಗಿದ್ದರೆ ಆಟಗಳು ತಾವಾಗಿಯೇ ಬರುತ್ತವೆಂಬುದು ತಪ್ಪು ತಿಳಿವಳಿಕೆ. 1996ರ ನಿಂಟೆಂಡೊ 64 ದುರ್ಬಲ ಯಂತ್ರವೇನೂ ಆಗಿರಲಿಲ್ಲ. ಆದರೆ ಅದು ಸಿಡಿಯ ಬದಲು ಹೆಚ್ಚು ವೆಚ್ಚದ, ಕಡಿಮೆ ಸ್ಥಳಾವಕಾಶದ ಕಾರ್ಟ್ರಿಡ್ಜ್‌ಗೇ ಅಂಟಿಕೊಂಡಿತು. ಅಲ್ಲಿಯವರೆಗೆ ನಿಂಟೆಂಡೊಗೆ ‘ಫೈನಲ್ ಫ್ಯಾಂಟಸಿ’ ಸರಣಿಯನ್ನು ಕೊಡುತ್ತಿದ್ದ ಸ್ಕ್ವೇರ್ ಸಂಸ್ಥೆ, 1997ರಲ್ಲಿ ಏಳನೆಯ ಆಟವನ್ನು ಮೂರು ಸಿಡಿಗಳಲ್ಲಿ ಪ್ಲೇಸ್ಟೇಷನ್‌ಗೆ ಕೊಟ್ಟಿತು.

2006ರ ಪ್ಲೇಸ್ಟೇಷನ್ 3 ಇನ್ನೊಂದು ಪಾಠ. ಅದರ ‘ಸೆಲ್’ ಪ್ರೊಸೆಸರ್ ಅತ್ಯಂತ ಶಕ್ತಿಶಾಲಿಯಾಗಿದ್ದರೂ, ಅದಕ್ಕೆ ಪ್ರೋಗ್ರಾಂ ಬರೆಯುವುದು ಕ್ಲಿಷ್ಟವಾಗಿತ್ತು. ಬೇರೆ ಯಂತ್ರಗಳಿಗೂ ಒಂದೇ ಆಟವನ್ನು ತಯಾರಿಸುವ ಸಂಸ್ಥೆಗಳಿಗೆ ಈ ಒಂದಕ್ಕಾಗಿ ಹೆಚ್ಚು ದುಡಿಯುವುದು ನಷ್ಟದ ಬಾಬತ್ತಾಯಿತು. 2013ರ ಪ್ಲೇಸ್ಟೇಷನ್ 4ರಲ್ಲಿ ಸೋನಿ ಸಾಮಾನ್ಯ ಕಂಪ್ಯೂಟರಿಗೆ ಹತ್ತಿರವಾದ ರಚನೆಗೆ ಹೊರಳಿತು.

ಜನಸಂಖ್ಯೆಯ ಲೆಕ್ಕವಂತೂ ಇನ್ನೂ ನಿಷ್ಠುರ. 2012ರಲ್ಲಿ ಬಂದ ನಿಂಟೆಂಡೊದ ವೀ ಯು ಒಟ್ಟು ಮಾರಾಟವಾಗಿದ್ದು ಸುಮಾರು 1.35 ಕೋಟಿ. ಕೊಳ್ಳುವವರಿಲ್ಲವೆಂದು ಹೊರಗಿನವರು ದೂರ ಸರಿದರು. ಆಟಗಳಿಲ್ಲವೆಂದು ಕೊಳ್ಳುವವರೂ ದೂರ ಉಳಿದರು. ಅದೇ ಸಂಸ್ಥೆ 2017ರಲ್ಲಿ ತಂದ ಸ್ವಿಚ್ ಆ ಕಾಲದ ಸ್ಪರ್ಧಿಗಳಿಗಿಂತ ಶಕ್ತಿಯಲ್ಲಿ ಕಡಿಮೆಯದು. ಆದರೂ 15 ಕೋಟಿಗೂ ಮಿಗಿಲಾಗಿ ಮಾರಾಟವಾಯಿತು. ಹೊರಗಿನ ತಯಾರಕರು ತಮ್ಮ ಆಟಗಳ ಚಿತ್ರಗಳ ಗುಣಮಟ್ಟ ತಗ್ಗಿಸಿಯಾದರೂ ಅದಕ್ಕೆ ಒಗ್ಗಿಸಿದರು.

ಕೈ ನಮ್ಮದು, ಹೆಸರು ಬೇರೆಯವರದು

ಈ ಲೆಕ್ಕದಲ್ಲಿ ಕರ್ನಾಟಕ ಎಲ್ಲಿದೆ? ಕುಶಲತೆಯ ಕೊರತೆಯಂತೂ ಇಲ್ಲ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರ್‌ಆಕ್ಟಿವ್, ‘ಫೋರ್ಜಾ’ ಸರಣಿಯಂಥ ಎಕ್ಸ್‌ಬಾಕ್ಸ್ ಆಟಗಳಿಗೆ ಕಲಾಕೆಲಸ ಮಾಡಿಕೊಟ್ಟಿತು. ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕೈಸೇರಿದ್ದ ಈ ಸಂಸ್ಥೆಯನ್ನು 2019ರಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೊ’ ಖ್ಯಾತಿಯ ರಾಕ್‌ಸ್ಟಾರ್ ಕೊಂಡುಕೊಂಡಿತು. ಇದು ಗುತ್ತಿಗೆ ಕೆಲಸದ ಹಾದಿ. ದುಡಿದ ದಿನದ ಸಂಬಳ ಖಚಿತ, ಆಟ ಸೋತರೆ ನಷ್ಟ ಇನ್ನೊಬ್ಬರದು. ಗೆದ್ದರೆ ಲಾಭವೂ ಕಥೆಯ ಒಡೆತನವೂ ಅವರದೇ.

ಸ್ವಂತ ಆಟವೆಂದೊಡನೆ ಲೆಕ್ಕ ತಿರುಗುತ್ತದೆ. ಭಾರತದಲ್ಲಿ ಆಡುವವರಲ್ಲಿ ಬಹುಪಾಲು ಜನರ ಕೈಯಲ್ಲಿರುವುದು ಮೊಬೈಲ್. ಕನ್ಸೋಲ್ ಇಂದಿಗೂ ದುಬಾರಿ ವಸ್ತು. ಪ್ರಯತ್ನಗಳು ನಡೆಯದೇ ಇಲ್ಲ. 2009ರಲ್ಲಿ ಹೈದರಾಬಾದಿನ ಆರೋನಾ ಟೆಕ್ನಾಲಜೀಸ್ ಪ್ಲೇಸ್ಟೇಷನ್ 2ಕ್ಕೆ ‘ಹನುಮಾನ್: ಬಾಯ್ ವಾರಿಯರ್’ ತಯಾರಿಸಿತು. ಪ್ಲೇಸ್ಟೇಷನ್ 3 ಬಂದು ಮೂರು ವರ್ಷವಾಗಿತ್ತು. ಆದರೂ ಹಳೆಯ, ಅಗ್ಗದ ಯಂತ್ರವನ್ನೇ ಆಯ್ದುಕೊಂಡಿದ್ದರ ಹಿಂದಿನ ತರ್ಕ ಸರಳ. ಭಾರತದ ಮನೆಗಳಲ್ಲಿದ್ದ ಯಂತ್ರ ಅದು.

ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಬೇರೊಂದು ದಾರಿ ಹಿಡಿಯಿತು. ಮಹಾಬಲಾಸುರನನ್ನು ಎದುರಿಸುವ ಬಾಲೆಯ ಕಥೆ ‘ರಾಜಿ: ಆ್ಯನ್ ಏನ್‌ಶಿಯಂಟ್ ಎಪಿಕ್’ಗಾಗಿ 2017ರಲ್ಲಿ ಜನರಿಂದ ಹಣ ಸಂಗ್ರಹಿಸುವ ಯತ್ನ ವಿಫಲವಾಯಿತು. ಆದರೂ ಛಲ ಬಿಡದ ತಂಡ 2020ರ ಆಗಸ್ಟ್‌ನಲ್ಲಿ ಆಟವನ್ನು ಮೊದಲು ಸ್ವಿಚ್‌ಗೆ, ಬಳಿಕ ಉಳಿದ ಯಂತ್ರಗಳಿಗೆ ತಂದಿತು. ಅನ್‌ರಿಯಲ್ ಎಂಬ ಸಿದ್ಧ ಎಂಜಿನ್ ಬಳಸಿದ್ದರಿಂದ ಒಂದೇ ಆಟವನ್ನು ಹಲವು ಯಂತ್ರಗಳಿಗೆ ಒಗ್ಗಿಸುವುದು ಸುಲಭವಾಯಿತು. ಆಟ ಭಾರತದ್ದಾದರೂ ಮಾರುಕಟ್ಟೆ ಜಗತ್ತಿನದಾಗಿದ್ದುದೇ ಇಲ್ಲಿನ ಗುಟ್ಟು.

ಬಾಗಿಲು ತೆರೆದೀತೇ?

ಯಜಮಾನರೂ ಈಗ ಮೊದಲಿನಷ್ಟು ಬಿಗಿಯಾಗಿಲ್ಲ. ಸಣ್ಣ ತಂಡಗಳಿಗಾಗಿ ಮೈಕ್ರೋಸಾಫ್ಟ್ 2013ರಲ್ಲಿ ‘ಐಡಿ ಅಟ್ ಎಕ್ಸ್‌ಬಾಕ್ಸ್’ ಆರಂಭಿಸಿತು. ಭಾರತದ ತಯಾರಕರಿಗೆ ಹಣ ಮತ್ತು ಮಾರ್ಗದರ್ಶನ ನೀಡುವ ‘ಇಂಡಿಯಾ ಹೀರೊ ಪ್ರಾಜೆಕ್ಟ್’ ಅನ್ನು ಸೋನಿ 2023ರಲ್ಲಿ ಪ್ರಕಟಿಸಿತು. ಇದು ದಾನವಲ್ಲ, ಮುಂದಿನ ಜಾತ್ರೆಗೆ ಹೊಸ ಊರಿನ ಜನರನ್ನು ಸೇರಿಸಿಕೊಳ್ಳುವ ಹೂಡಿಕೆ.

ಸರಕೂ ಇಲ್ಲದಿಲ್ಲ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ‘ಇಂಡಿಯನ್ ಡಿಜಿಟಲ್ ಹೆರಿಟೇಜ್’ ಯೋಜನೆಯಡಿ ಹಂಪಿಯ ಸ್ಮಾರಕಗಳ ಡಿಜಿಟಲ್ ದಾಖಲೀಕರಣ ನಡೆದಿದೆ. ಕೈಚಳಕ ಬೆಂಗಳೂರಿನಲ್ಲಿದೆ. ಕೊರತೆಯಿರುವುದು ಎರಡು ಮೂರು ವರ್ಷ ಆದಾಯವಿಲ್ಲದೆ ದುಡಿಯುವ ತಂಡವನ್ನು ಸಾಕುವ, ಸೋಲನ್ನೂ ತಾಳಿಕೊಳ್ಳುವ ಬಂಡವಾಳದಲ್ಲಿ. ಅದು ಒದಗುವವರೆಗೆ ಹೊಯ್ಸಳರ ಕಥೆಯನ್ನು ಅಮೆರಿಕದವರು ಹೇಳುತ್ತಾರೆ. ಮಲಪನಗುಡಿಯ ಬಾವಿ ಹಂಪಿ ರಸ್ತೆಯ ಬದಿಯಲ್ಲೇ ಕಾಯುತ್ತಿರುತ್ತದೆ.