ಮೊದಲ ಕಣ್ಣು ಯಾರದು?

ಕಣ್ಣಿನ ಪೊರೆ ಆಪರೇಷನ್ ಕಲಿಯುವ ವೈದ್ಯರು ನಮ್ಮಲ್ಲಿ ಸಾಮಾನ್ಯವಾಗಿ ಕೈ ಪಳಗಿಸಿಕೊಳ್ಳುವುದು ಮೇಕೆಯ ಕಣ್ಣಿನ ಮೇಲೆ. ಕಸಾಯಿಖಾನೆಯಿಂದ ತಂದ ಆ ಕಣ್ಣು ಹೊತ್ತಾದಂತೆ ಮಂಜಾಗುತ್ತದೆ. ಮುದುಕರ ಕಣ್ಣಲ್ಲಿ ಬಲಿತು ಗಟ್ಟಿಯಾದ ಪೊರೆ ಅದರಲ್ಲಿ ಎಲ್ಲಿಂದ ಬರಬೇಕು? ಅದಾದ ಮೇಲೆ ಸೀದಾ ಮನುಷ್ಯರ ಕಣ್ಣೇ. ಉಚಿತ ಶಿಬಿರಕ್ಕೆ ಬಂದ ಬಡವರ ಪಾಲಿಗೇ ಇಂಥ ಕಲಿಕೆಯ ಕೈ ಹೆಚ್ಚು ಬೀಳುತ್ತದೆಂದು ನನ್ನ ಗುಮಾನಿ.

ಮೇಕೆಗೂ ಮನುಷ್ಯರಿಗೂ ನಡುವಿನ ಈ ಜಾಗಕ್ಕೆ ಬಂದಿದೆ ‘ಹೆಲ್ಪ್‌ಮೀಸೀ’ ಸಂಸ್ಥೆಯ ಸಿಮ್ಯುಲೇಟರ್. 2010ರಲ್ಲಿ ಮಗ ಜಿಮ್ ಜೊತೆ ಸಂಸ್ಥೆ ಕಟ್ಟಿದ ಅಮೆರಿಕದ ಆಲ್ ಯೂಲ್ಚಿ ವೈದ್ಯರಾಗಿರಲಿಲ್ಲ, ಪೈಲಟ್ ಆಗಿದ್ದರು. 1951ರಲ್ಲಿ ‘ಫ್ಲೈಟ್‌ಸೇಫ್ಟಿ’ ಶುರುಮಾಡಿ, ವಿಮಾನ ಹಾರಿಸುವವರಿಗೆ ನೆಲದ ಮೇಲೆ ಕೂರಿಸಿಯೇ ತರಬೇತಿ ಕೊಡುವುದನ್ನು ದೊಡ್ಡ ಉದ್ಯಮ ಮಾಡಿದವರು. ಮುಂಬೈ, ಹೈದರಾಬಾದ್‌ಗಳಲ್ಲೂ ಈ ಯಂತ್ರದ ಮೇಲೆ ಕಲಿಸುತ್ತಾರೆ.

ಮೈಕ್ರೋಸ್ಕೋಪಿನಂಥ ಕಿಂಡಿಯಲ್ಲಿ ಇಣುಕಿದರೆ ಮೂರು ಆಯಾಮದ ಕಣ್ಣು ಕಾಣುತ್ತದೆ. ಕೈಯಲ್ಲಿರುವ ಹಿಡಿಗಳಿಗೆ ಅಲಗಿಲ್ಲ. ಆದರೆ ಅವುಗಳ ಹಿಂದಿರುವ ಮೋಟಾರುಗಳು ಅಂಗಾಂಶದ ಬಿಗಿಯನ್ನು ಬೆರಳಿಗೆ ತಲುಪಿಸುತ್ತವೆ. ಕಷ್ಟದ ಕೆಲಸವೆಂದರೆ ಪೊರೆಯನ್ನು ಹೊರತೆಗೆಯಲು ಕೊರೆಯುವ ಸುರಂಗ. ಕಣ್ಣಿನ ಬಿಳಿಭಾಗದಲ್ಲಿ ಆರೇಳು ಮಿಲಿಮೀಟರ್ ಅಗಲಕ್ಕೆ, ಪದರದ ನಡುವೆಯೇ ಬ್ಲೇಡ್ ಸಾಗಬೇಕು. ಮೇಲೆ ಬಂದರೆ ಮೇಲ್ಪದರ ತೂತು. ಆಳಕ್ಕಿಳಿದರೆ, ಹೊತ್ತಿಗೆ ಮೊದಲೇ ಕಣ್ಣಿನೊಳಕ್ಕೆ ನುಗ್ಗುತ್ತದೆ. ಹದವಾಗಿ ಬಂದರೆ ಹೊಲಿಗೆಯೇ ಬೇಡ. ಒಳಗಿನ ಒತ್ತಡವೇ ಗಾಯದ ಬಾಯಿ ಮುಚ್ಚುತ್ತದೆ. ಪೊರೆಯನ್ನು ಒಳಗೇ ಪುಡಿಮಾಡುವ ದುಬಾರಿ ಫೇಕೋ ಯಂತ್ರ ಬೇಡದ ಈ ವಿಧಾನ ಭಾರತ, ನೇಪಾಳಗಳಲ್ಲಿ ಚೆನ್ನಾಗಿ ಬೇರೂರಿದೆ. ಸಿಮ್ಯುಲೇಟರಿನಲ್ಲಿ ಸುರಂಗ ಕೆಟ್ಟರೆ ಹೊಸ ಕಣ್ಣು ತೆರೆದುಕೊಳ್ಳುತ್ತದೆ, ಎಷ್ಟು ಸಲ ಬೇಕಾದರೂ.

ಇದೆಲ್ಲ ಆಟಿಕೆ ಎಂದು ಮೂಗು ಮುರಿಯುವ ಹಿರಿಯರಿಗೆ 2002ರಲ್ಲಿ ಪ್ರಕಟವಾದ ಯೇಲ್ ವಿಶ್ವವಿದ್ಯಾಲಯದ ಪ್ರಯೋಗ ಉತ್ತರ ಕೊಟ್ಟಿದೆ. ಅಲ್ಲಿದ್ದವರು ಸರ್ಜರಿ ಕಲಿಯುತ್ತಿದ್ದ 16 ವೈದ್ಯರು, ಕೆಲಸ ಕಣ್ಣಿನದಲ್ಲ, ಪಿತ್ತಕೋಶದ ಆಪರೇಷನ್. ವರ್ಚುವಲ್ ರಿಯಾಲಿಟಿಯಲ್ಲಿ ಪಳಗಿದವರು ಪಿತ್ತಕೋಶ ಬಿಡಿಸುವ ಕೆಲಸವನ್ನು ಶೇ 29ರಷ್ಟು ಬೇಗ ಮುಗಿಸಿದರು. ಉಳಿದವರು ಪಿತ್ತಕೋಶಕ್ಕೆ ಗಾಯ ಮಾಡುವ ಇಲ್ಲವೇ ಪಕ್ಕದ ಭಾಗ ಸುಡುವ ಸಂಭವ ಐದು ಪಟ್ಟು ಹೆಚ್ಚಿತ್ತು. ತಮಾಷೆಯೆಂದರೆ, ಆಗಿನ ಪರದೆಯ ಮೇಲೆ ಪಿತ್ತಕೋಶವೇ ಇರಲಿಲ್ಲ. ಬರೀ ಗೋಳ, ಚೌಕಗಳನ್ನು ಹಿಡಿದು ದಾಟಿಸುವ ಅಭ್ಯಾಸ. ಕೈ ಕಲಿಯಲು ಅಷ್ಟೇ ಸಾಕಾಯಿತು.

ಆದರೆ ಪೊರೆ ತೆಗೆಸಿಕೊಳ್ಳುವವರು ಸಾಮಾನ್ಯವಾಗಿ ಎಚ್ಚರವಾಗಿಯೇ ಇರುತ್ತಾರೆ. ಕೆಮ್ಮು ಬರುತ್ತದೆ, ಹೆದರಿ ತಲೆ ಅಲ್ಲಾಡಿಸುತ್ತಾರೆ, ‘ಇನ್ನೆಷ್ಟು ಹೊತ್ತು ಡಾಕ್ಟ್ರೇ?’ ಅನ್ನುತ್ತಾರೆ. ಕೈ ನಿಲ್ಲಿಸದೆ ಅವರಿಗೆ ಸಮಾಧಾನ ಹೇಳುವುದನ್ನು ಕಲಿಯಲು ಈಗಲೂ ಹಿರಿಯ ಸರ್ಜನ್ ಪಕ್ಕದಲ್ಲೇ ಕೂರಬೇಕು.