ಹಳೆಯ ನಿಯಮ ರದ್ದಾದಾಗ ರೈತರು ಗಮನಿಸಬೇಕಾದ ಅಂಶಗಳು

ಹೊಸ ತಳಿ, ಹೊಸ ಔಷಧಗಳ ಸುದ್ದಿ ರೈತರಿಗೆ ಬೇಗ ತಲುಪುತ್ತದೆ. ಕಾನೂನಿನ ಸುದ್ದಿ ಹಾಗಲ್ಲ. ಹಳೆಯ ನಿಯಮ ಯಾವ ದಿನ ಹೋಯಿತು, ಪೂರ್ತಿ ಹೋಯಿತೇ ಎಂಬುದನ್ನು ತಿಳಿಯದೆ ಕೆಲಸಕ್ಕೆ ಕೈಹಾಕಿದರೆ ನಷ್ಟ ತಪ್ಪಿದ್ದಲ್ಲ. ಕಾರವಾರ, ಅಂಕೋಲಾ ತಾಲ್ಲೂಕುಗಳ ಹೊಳೆದಂಡೆಯ ರೈತರಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ.

ಕರಾವಳಿ ನಿಯಮದ ಉದಾಹರಣೆ

ಕರಾವಳಿ ನಿಯಂತ್ರಣ ವಲಯದ (ಸಿ.ಆರ್.ಜೆಡ್.) ಮೊದಲ ಅಧಿಸೂಚನೆ 1991ರಲ್ಲಿ ಹೊರಟಿತು. ಅದರ ಬದಲಿಗೆ 2011ರಲ್ಲಿ ಇನ್ನೊಂದು, ಅದರ ಬದಲಿಗೆ 2019ರ ಜನವರಿ 18ರಂದು ಮತ್ತೊಂದು ಬಂದಿತು. ಈ ನಿಯಮ ಸಮುದ್ರತೀರಕ್ಕಷ್ಟೇ ಅಲ್ಲ, ಉಬ್ಬರದ ಉಪ್ಪುನೀರು ಏರುವ ಕಾಳಿ, ಗಂಗಾವಳಿ ಹೊಳೆಗಳ ದಂಡೆಗೂ, ಗಜನಿ ಭೂಮಿಗೂ ಸಂಬಂಧಿಸಿದೆ.

2011ರ ನಿಯಮದಲ್ಲಿ ಇಂಥ ಹೊಳೆಯ ಉಬ್ಬರದ ಗೆರೆಯಿಂದ 100 ಮೀಟರ್ ಅಥವಾ ಹೊಳೆಯ ಅಗಲ, ಇವೆರಡರಲ್ಲಿ ಕಡಿಮೆಯಾದಷ್ಟು ದೂರ ನಿಯಂತ್ರಣಕ್ಕೆ ಒಳಪಟ್ಟಿತ್ತು. 2019ರಲ್ಲಿ 100 ಮೀಟರನ್ನು 50 ಮೀಟರಿಗೆ ಇಳಿಸಲಾಯಿತು. ಕಿನ್ನರದಂಥ ಊರಿನಲ್ಲಿ ಕಾಳಿ ಹೊಳೆಯಿಂದ 60 ಮೀಟರ್ ದೂರದಲ್ಲಿ ಜಾಗವಿರುವ ರೈತನು ಸುದ್ದಿ ಕೇಳಿದೊಡನೆ ಮನೆ ಕಟ್ಟಲು ಪಾಯ ತೆಗೆದನೆಂದು ಭಾವಿಸೋಣ. ಅವನು ಮಾಡಿದ್ದು ತಪ್ಪಾಗುತ್ತಿತ್ತು. ಏಕೆಂದರೆ ಹೊಸ ನಿಯಮದಂತೆ ಕರಾವಳಿ ನಿರ್ವಹಣಾ ನಕ್ಷೆ ಸಿದ್ಧವಾಗಿ ಮಂಜೂರಾಗುವವರೆಗೆ 2011ರ ನಿಯಮವೇ ನಡೆಯತಕ್ಕದ್ದೆಂದು ಆ ಅಧಿಸೂಚನೆಯಲ್ಲಿಯೇ ಬರೆದಿತ್ತು. ನಿಯಮ ರದ್ದಾದ ದಿನ ಬೇರೆ, ಅದರ ಪರಿಣಾಮ ತಪ್ಪುವ ದಿನ ಬೇರೆ.

ರದ್ದತಿಯ ಎರಡು ದಾರಿಗಳು

ಮೊದಲನೆಯದು, ಮುನ್ಸೂಚನೆ ಕೊಟ್ಟು ಬದಲಿಸುವುದು. 2019ರ ಅಧಿಸೂಚನೆಯ ಕರಡನ್ನು 2018ರ ಏಪ್ರಿಲ್‌ನಲ್ಲಿಯೇ ಪ್ರಕಟಿಸಿ, ಆಕ್ಷೇಪಣೆ ಸಲ್ಲಿಸಲು 60 ದಿನಗಳ ಅವಕಾಶ ಕೊಡಲಾಗಿತ್ತು.

ಎರಡನೆಯದು ಸುಗ್ರೀವಾಜ್ಞೆ. ಇದಕ್ಕೆ ಕರಡು ಪ್ರಕಟಿಸಬೇಕೆಂಬ ಕಟ್ಟುಪಾಡಿಲ್ಲ. ಬೇಸಾಯಗಾರರಲ್ಲದವರು ಕೃಷಿ ಭೂಮಿ ಕೊಳ್ಳುವುದನ್ನು ತಡೆದಿದ್ದ ಕರ್ನಾಟಕ ಭೂ ಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳನ್ನು 2020ರ ಜುಲೈನಲ್ಲಿ ಹೀಗೆಯೇ ತೆಗೆಯಲಾಯಿತು. ಅದೂ 1974ರ ಮಾರ್ಚ್ 1ರಿಂದಲೇ ಇರಲಿಲ್ಲವೆಂಬಂತೆ! ಬಾಕಿ ಇದ್ದ ಪ್ರಕರಣಗಳು ಅಲ್ಲಿಗೇ ನಿಂತವು. ಅದೇ ವರ್ಷ ಡಿಸೆಂಬರ್‌ನಲ್ಲಿ ಶಾಸನಸಭೆಯ ಒಪ್ಪಿಗೆಯೂ ದೊರೆಯಿತು.

ಪ್ರಕಟಣೆಯಲ್ಲಿ ಏನನ್ನು ನೋಡಬೇಕು?

1. ಇದು ಕರಡೋ, ಅಂತಿಮ ಆದೇಶವೋ? ಕರಡಾದರೆ ಹಳೆಯ ನಿಯಮ ಇನ್ನೂ ಜಾರಿಯಲ್ಲಿದೆ.
2. ಆಕ್ಷೇಪಣೆಗೆ ಕೊನೆಯ ದಿನ ಯಾವುದು, ಯಾರಿಗೆ ಬರೆಯಬೇಕು?
3. ಯಾವ ದಿನದಿಂದ ಜಾರಿ? ಹಿಂದಿನ ತಾರೀಖಿನಿಂದಲೇ?
4. ಹಿಂದೆ ಪಡೆದ ಪರವಾನಿಗೆ, ಸಲ್ಲಿಸಿದ ಅರ್ಜಿ, ನಡೆಯುತ್ತಿರುವ ಪ್ರಕರಣಗಳ ಗತಿಯೇನು?

ಗಡುವಿನ ಬೆಲೆ ನಮ್ಮ ಜಿಲ್ಲೆಯ ಹಿರಿಯರಿಗೆ ಗೊತ್ತು. ಗೇಣಿದಾರರು 7ನೇ ನಮೂನೆಯ ಅರ್ಜಿ ಸಲ್ಲಿಸಲು 1979ರ ಜೂನ್ 30 ಕೊನೆಯ ದಿನವಾಗಿತ್ತು. ಉಳುವ ಭೂಮಿ ಸಿಗುವುದೂ ತಪ್ಪುವುದೂ ಆ ಒಂದು ತಾರೀಖಿನ ಮೇಲೆ ನಿಂತಿತ್ತು.

ಎಲ್ಲಿ ವಿಚಾರಿಸಬೇಕು?

ಕೇಂದ್ರದ ಆದೇಶಗಳು ಭಾರತದ ರಾಜಪತ್ರದಲ್ಲಿ, ರಾಜ್ಯದವು ಕರ್ನಾಟಕ ರಾಜ್ಯಪತ್ರದಲ್ಲಿ ಪ್ರಕಟವಾಗುತ್ತವೆ. ಈಗ ಇವೆರಡನ್ನೂ ಅಂತರಜಾಲದಲ್ಲಿ ಓದಬಹುದು. ಕರಾವಳಿ ನಿಯಮಕ್ಕೆ ಒಳಪಡುವ ಜಮೀನಿನ ಬಗ್ಗೆ ಸರ್ವೆ ನಂಬರು ಕೊಟ್ಟು, ಕಾರವಾರದ ಪ್ರಾದೇಶಿಕ ನಿರ್ದೇಶಕರ (ಪರಿಸರ) ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸಬೇಕು. ಬಾಯಿಮಾತಿನ ಉತ್ತರವನ್ನು ನೆಚ್ಚಬಾರದು. ಗ್ರಾಮಸಭೆಯಲ್ಲಿ ಇಂಥ ಪ್ರಕಟಣೆಗಳನ್ನು ಓದಿಸುವ ಪರಿಪಾಠ ಬೆಳೆಸಿಕೊಂಡರೆ ಓದು ಬಾರದವರಿಗೂ ಅನುಕೂಲವಾಗುತ್ತದೆ.