ನಾಲ್ಕು ಲಕ್ಷ ಓಡಿದ ಪಿಕಪ್

ಬೆಳಗಿನ ಜಾವ ಮೂರೂವರೆಗೆ ಮಲ್ಪೆ ಧಕ್ಕೆಯಲ್ಲಿ ಕತ್ತಲೆ ಹೆಸರಿಗಷ್ಟೇ ಇರುತ್ತದೆ. ಬೋಟುಗಳ ದೀಪ, ಹರಾಜಿನವರ ಕೂಗು, ಐಸ್ ಪುಡಿಮಾಡುವ ಯಂತ್ರದ ಕರಕರ. ಕಾಲಿಟ್ಟಲ್ಲೆಲ್ಲ ಉಪ್ಪುನೀರು. ಬಂಗುಡೆ, ಬೂತಾಯಿ ತುಂಬಿದ ಪ್ಲಾಸ್ಟಿಕ್ ಕ್ರೇಟುಗಳನ್ನು ಇಬ್ಬಿಬ್ಬರು ಎಳೆದು ತಂದು ಗಾಡಿಗೆ ಏರಿಸುತ್ತಾರೆ. ಒಂದು ಸಾಲು ಮೀನು, ಅದರ ಮೇಲೆ ಒಂದಿಷ್ಟು ಐಸು, ಮತ್ತೆ ಮೀನು. ಸಾಲಾಗಿ ನಿಂತ ಗಾಡಿಗಳಲ್ಲಿ ಹೆಚ್ಚಿನವು ಬೊಲೆರೊ ಪಿಕಪ್. ಹೊಸತು ಕೆಲವು, ಹಳತು ಬಹಳ.

ನಾನು ಹತ್ತಬೇಕಾದದ್ದು ಆ ಹಳತರಲ್ಲೂ ಹಳತು. ಬಾನೆಟ್ಟಿನ ಬಿಳಿ ಬಣ್ಣ ಹಳದಿಗೆ ತಿರುಗಿದೆ. ಎಡಗಡೆಯ ಕನ್ನಡಿಯನ್ನು ತಂತಿ ಸುತ್ತಿ ನಿಲ್ಲಿಸಲಾಗಿದೆ. ಡ್ಯಾಶ್‌ಬೋರ್ಡಿನ ದೇವರ ಪಟಕ್ಕೆ ಹಿಂದಿನ ದಿನದ ಶಂಕರಪುರ ಮಲ್ಲಿಗೆ. ಅದರ ಕೆಳಗೆ ಮೀಟರು 4 ಲಕ್ಷ ಕಿಲೋಮೀಟರ್ ದಾಟಿದ ಅಂಕಿ ತೋರಿಸುತ್ತಿದೆ. ನನ್ನ ಕಣ್ಣು ಅಲ್ಲೇ ನಿಂತದ್ದನ್ನು ಚಾಲಕ ಗಮನಿಸಿದರು. "ಅದನ್ನು ನೋಡಿ ಹೆದರ್ಬೇಡಿ ಮಾರಾಯ್ರೆ. ಇಂಜಿನ್ ಎಂತ ಮೀಟರ್ ನೋಡಿ ಓಡುದಾ?" ಎಂದು ನಕ್ಕು, ಬಾನೆಟ್ ಎತ್ತಿದರು.

ಅವರ ಪೂಜೆ ಶುರುವಾಗುವುದು ಇಲ್ಲಿಂದ. ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಅದ್ದಿ ತೆಗೆದು ಟಾರ್ಚಿನ ಬೆಳಕಿಗೆ ಹಿಡಿದರು. ಆಯಿಲ್ ಕಪ್ಪಗಿತ್ತು. ಡೀಸೆಲ್ ಇಂಜಿನ್ನಿನಲ್ಲಿ ಮಸಿ ಸೇರಿ ಆಯಿಲ್ ಬೇಗನೆ ಕಪ್ಪಾಗುತ್ತದೆ, ಅದಕ್ಕೆ ಯಾರೂ ಗಾಬರಿಯಾಗುವುದಿಲ್ಲ. ಅವರು ನೋಡುವುದು ಮಟ್ಟವನ್ನು. ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಅಥವಾ ಉರಿಯುತ್ತಿದೆ. ಏರಿದ್ದರೆ ಅದು ಇನ್ನೂ ಕೆಟ್ಟದ್ದು, ಡೀಸೆಲ್ಲೋ ನೀರೋ ಒಳಗೆ ಸೇರಿದೆ ಎಂದರ್ಥ. ಹಾಲು ಬೆರೆಸಿದ ಚಹಾದ ಬಣ್ಣ ಬಂದಿದ್ದರೆ ಹೆಡ್ ಗ್ಯಾಸ್ಕೆಟ್ ಹೋದಂತೆಯೇ. ಅವತ್ತು ಮೀನು ಬೇರೆ ಗಾಡಿಗೆ. ಕಡ್ಡಿ ಒಳಗಿಟ್ಟು, ಕೂಲಂಟ್ ನೋಡಿ, ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ, ಕೊನೆಗೆ ಕೀಲಿ ತಿರುವಿದರು. ಇಂಜಿನ್ ಎರಡು ಸುತ್ತಿಗೆ ಹಿಡಿಯಿತು. ಕ್ಲೀನರ್ ಹುಡುಗ ಸೈಲೆನ್ಸರಿನ ಹಿಂದೆ ನಿಂತು, "ಹೊಗೆ ಇಲ್ಲಣ್ಣ" ಎಂದು ಕೂಗಿದ. ಸರಿಯಾದ ವರದಿಯೆಂದರೆ, ಸ್ವಲ್ಪ ಹೊಗೆ ಬಂತು, ಕೂಡಲೇ ತಿಳಿಯಾಯಿತು. ನೀಲಿ ಹೊಗೆಯಾದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಬಿಡದೆ ಬಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ಇಲ್ಲವೇ ಕೂಲಂಟ್ ಒಳಗಿಳಿಯುತ್ತಿದೆ. ಕಪ್ಪಾದರೆ ಗಾಳಿ ಸಾಲುತ್ತಿಲ್ಲ ಅಥವಾ ಡೀಸೆಲ್ ಹೆಚ್ಚಾಗುತ್ತಿದೆ. ಇಷ್ಟನ್ನು ಧಕ್ಕೆಯ ಕ್ಲೀನರ್ ಹುಡುಗರು ಶಾಲೆ ಬಿಟ್ಟ ಮೊದಲ ವರ್ಷವೇ ಕಲಿತಿರುತ್ತಾರೆ.

ಶಿವಮೊಗ್ಗ, ಹರಿಹರದ ಕಡೆಗೆ ಹೊರಟೆವು. ಮಣಿಪಾಲ, ಪರ್ಕಳ, ಹಿರಿಯಡ್ಕ. ದಾರಿ ಖಾಲಿ. ಪೆರ್ಡೂರು ದಾಟುವಾಗ ಗಾಡಿ ಒಂದೇ ಹದಕ್ಕೆ ಬಂದಿತ್ತು. ಬಾಗಿಲು ಗಡಗಡ ಅನ್ನುತ್ತಿತ್ತು, ಸೀಟಿನಡಿ ಎಲ್ಲೋ ಒಂದು ಸ್ಪ್ಯಾನರ್ ಉರುಳುತ್ತಿತ್ತು. ಈ ಸದ್ದುಗಳ ನಡುವೆ ಇಂಜಿನ್ನಿನ ಸದ್ದನ್ನು ಬೇರ್ಪಡಿಸಿ ಕೇಳುವುದು ನನಗೆ ಆಗಲಿಲ್ಲ. ಅವರಿಗೆ ಅದೊಂದೇ ಕೇಳುತ್ತಿತ್ತು. ಮಧ್ಯೆ ಒಮ್ಮೆ ಕಿರ್ರ್ ಎಂದಾಗ ನಾನು ಅವರ ಮುಖ ನೋಡಿದೆ. "ಅದು ಬಾಗಿಲಿನ ರಬ್ಬರ್. ಮೊನ್ನೆಯಿಂದ ಉಂಟು" ಎಂದರು. ಹಳೆಯ ಗಾಡಿಯ ಮೇಲಿನ ನಂಬಿಕೆ ಅಂದರೆ ಏನೆಂದು ನನಗೆ ಹೊಳೆದದ್ದು ಆಗ. ಅದರ ಎಲ್ಲ ಸದ್ದಿಗೂ ಒಂದು ತಾರೀಕು ಇರುತ್ತದೆ. ತಾರೀಕಿಲ್ಲದ ಸದ್ದು ಕೇಳಿದ ದಿನ ಗಾಡಿ ನಿಲ್ಲುತ್ತದೆ.

ಡೀಸೆಲ್ ಇಂಜಿನ್ ಇಷ್ಟು ಬಾಳುವುದಕ್ಕೆ ಕಾರಣ ಅದರ ಹುಟ್ಟಿನಲ್ಲೇ ಇದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಯಂತ್ರದಲ್ಲಿ ಕಿಡಿ ಹಚ್ಚುವ ಪ್ಲಗ್ ಇಲ್ಲ. ಸೈಕಲ್ ಪಂಪ್ ಹೊಡೆದಾಗ ಅದರ ತುದಿ ಬಿಸಿಯಾಗುವುದನ್ನು ನೋಡಿದ್ದೀರಲ್ಲ, ಅಷ್ಟೇ ಇಲ್ಲಿಯ ಗುಟ್ಟು. ಸಿಲಿಂಡರಿನೊಳಗಿನ ಗಾಳಿಯನ್ನು ಸುಮಾರು ಹದಿನೆಂಟರಲ್ಲಿ ಒಂದು ಪಾಲಿಗೆ ಅದುಮಿದರೆ ಅದು 500 ಡಿಗ್ರಿಗೂ ಮೀರಿ ಕಾಯುತ್ತದೆ. ಆಗ ಚಿಮುಕಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಆ ಒತ್ತಡ ತಡೆಯಬೇಕಾದರೆ ಬ್ಲಾಕು, ಕ್ರ್ಯಾಂಕು, ಪಿಸ್ಟನ್ನು ಎಲ್ಲವೂ ದಪ್ಪಗೆ, ಗಟ್ಟಿಯಾಗಿ ಇರಲೇಬೇಕು. ಹಳೆಯ ಬೊಲೆರೊ ಪಿಕಪ್ಪಿನ 2523 ಸಿಸಿಯ ನಾಲ್ಕು ಸಿಲಿಂಡರ್ ಇಂಜಿನ್ ಕಡಿಮೆ ಸುತ್ತಿನಲ್ಲೇ ಭಾರ ಎಳೆಯುತ್ತದೆ. ಕಡಿಮೆ ಸುತ್ತು ಎಂದರೆ ಕಡಿಮೆ ತಿಕ್ಕಾಟ, ಕಡಿಮೆ ಸವೆತ.

ಹಾಗೆಂದು ಮೀಟರಿನ ಅಂಕಿ ಪೂರ್ತಿ ಸುಳ್ಳಲ್ಲ, ಅರ್ಧ ಮಾತು ಮಾತ್ರ ಹೇಳುತ್ತದೆ. ಇಂಜಿನ್ ಸವೆಯುವುದು ಹೆಚ್ಚಾಗಿ ತಣ್ಣಗಿರುವಾಗ ಹೊರಡುವ ಮೊದಲ ಕೆಲವು ನಿಮಿಷಗಳಲ್ಲಿ, ಆಯಿಲ್ ಇನ್ನೂ ಎಲ್ಲ ಕಡೆ ಹರಿಯದಿರುವಾಗ. ದಿನಕ್ಕೊಮ್ಮೆ ಹೊರಟು ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡುವ ಮೀನಿನ ಗಾಡಿಯ ನಾಲ್ಕು ಲಕ್ಷಕ್ಕೂ, ಪೇಟೆಯೊಳಗೆ ಬೀದಿಬೀದಿಗೆ ನಿಂತು ಹೊರಡುವ ಗಾಡಿಯ ಎರಡು ಲಕ್ಷಕ್ಕೂ ಹೋಲಿಕೆಯೇ ಇಲ್ಲ. ನಾನು ಕೊಳ್ಳುವುದಾದರೆ ಮೊದಲನೆಯದನ್ನೇ ಕೊಳ್ಳುತ್ತೇನೆ. ಗ್ರೀಸಿನ ಒಬ್ಬ ಟ್ಯಾಕ್ಸಿ ಚಾಲಕ 46 ಲಕ್ಷ ಕಿಲೋಮೀಟರ್ ಓಡಿಸಿದ 1976ರ ಮರ್ಸಿಡಿಸ್ 240ಡಿ ಡೀಸೆಲ್ ಕಾರು 2004ರಲ್ಲಿ ಆ ಕಂಪನಿಯ ಸಂಗ್ರಹಾಲಯ ಸೇರಿತು. ಆ ಓಟದಲ್ಲಿ ಇಂಜಿನ್ ಹಲವು ಸಲ ಬದಲಾಗಿತ್ತು ಎಂಬುದನ್ನು ಈ ಕತೆ ಹೇಳುವವರು ಸಾಮಾನ್ಯವಾಗಿ ನುಂಗಿಬಿಡುತ್ತಾರೆ.

ಹೆಬ್ರಿ ಕಳೆದು ಸೋಮೇಶ್ವರದಲ್ಲಿ ಕಾಡು ಎರಡೂ ಕಡೆಯಿಂದ ಒತ್ತಿಕೊಂಡು ಬಂತು. ಮುಂದೆ ಆಗುಂಬೆ ಘಾಟಿ, 14 ಹಿಮ್ಮುರಿ ತಿರುವು. ಭಾರಿ ವಾಹನಗಳಿಗೆ ಇಲ್ಲಿ ನಿರ್ಬಂಧವಿರುವುದರಿಂದ ಮೀನಿಗೆ ಪಿಕಪ್ಪೇ ಗತಿ. ಸೂರ್ಯಾಸ್ತ ನೋಡಲು ಜನ ಸಾಲುಗಟ್ಟುವ ಈ ಜಾಗವನ್ನು ಮೀನಿನವರು ದಾಟುವುದು ಸೂರ್ಯ ಹುಟ್ಟುವ ಮೊದಲೇ. ಎರಡನೇ ಗೇರಿಗೆ ಬಿತ್ತು ಗಾಡಿ. ಮೊದಲ ತಿರುವಿನಲ್ಲಿ ಹಿಂದಿನ ಕ್ರೇಟುಗಳು ಒಟ್ಟಾಗಿ ಒರಗಿದ ಸದ್ದು. ಹೆಡ್‌ಲೈಟಿನ ಬೆಳಕು ಬಂಡೆಯನ್ನು ಸವರಿ, ಆಚೆಗೆ ಏನೂ ಇಲ್ಲದ ಮಂಜಿನೊಳಗೆ ಕಳೆದುಹೋಗಿ, ಮತ್ತೆ ಬಂಡೆಗೆ ಬರುತ್ತಿತ್ತು. ಚಾಲಕರ ಮಾತು ನಿಂತಿತ್ತು. ಅವರ ಕಣ್ಣು ಎರಡೇ ಕಡೆ: ರಸ್ತೆ ಮತ್ತು ಉಷ್ಣತೆ ತೋರಿಸುವ ಮುಳ್ಳು. ಮುಳ್ಳು ಅರ್ಧ ದಾಟಿ ಒಂದು ಗೆರೆ ಮೇಲೆ ಹೋಯಿತು. ಅವರು ಆಕ್ಸಿಲರೇಟರ್ ಕೊಂಚ ಸಡಿಲಿಸಿದರು. ಮುಂದಿನ ತಿರುವಿನಲ್ಲಿ ಅದು ಇಳಿಯಿತು. ಗಡಿಬಿಡಿಯವರ ಇಂಜಿನ್ ಕಾಯುವುದು ಇಂಥ ಏರಿನಲ್ಲೇ. ಒಮ್ಮೆ ವಿಪರೀತ ಕಾಯಿತೆಂದರೆ ಹೆಡ್ ಸೊಟ್ಟಗಾಗುತ್ತದೆ, ಆಮೇಲೆ ಆ ಗಾಡಿ ಮೊದಲಿನ ಗಾಡಿಯಲ್ಲ.

ತೀರ್ಥಹಳ್ಳಿಯಲ್ಲಿ ಚಹಾಕ್ಕೆ ನಿಲ್ಲಿಸಿದರು. ಕೆಳಗಿಳಿದವರೇ ಅಂಗಡಿಗೆ ಹೋಗದೆ ಗಾಡಿಗೆ ಒಂದು ಸುತ್ತು ಬಂದರು. ನಾಲ್ಕೂ ಚಕ್ರದ ನಡುವಿನ ಭಾಗಕ್ಕೆ ಅಂಗೈ ಹಿಂಬದಿಯನ್ನು ಹತ್ತಿರ ಹಿಡಿದು ನೋಡಿದರು. ಮೂರಕ್ಕಿಂತ ಒಂದು ಹೆಚ್ಚು ಬಿಸಿಯಾಗಿದ್ದರೆ ಬ್ರೇಕು ಹಿಡಿದುಕೊಂಡೇ ಇದೆ, ಇಲ್ಲವೇ ಬೇರಿಂಗ್ ಹೋಗಿದೆ. ಕಬ್ಬಿಣದ ರಾಡಿನಿಂದ ಟೈರುಗಳಿಗೆ ಒಂದೊಂದು ಏಟು. ಬಗ್ಗಿ ನೆಲದ ಮೇಲೆ ಹನಿ ಬಿದ್ದಿದೆಯೇ ಎಂದು ನೋಟ. ಬಿದ್ದದ್ದು ಐಸಿನ ನೀರು ಮಾತ್ರ.

ಆದರೆ ಆ ನೀರೇ ಮೀನಿನ ಗಾಡಿಯ ನಿಜವಾದ ವೈರಿ. ಕರಾವಳಿಯಲ್ಲಿ ಇಂಜಿನ್ನಿಗಿಂತ ಮೊದಲು ಸಾಯುವುದು ಮೈ. ಮೀನಿನ ಉಪ್ಪುನೀರು ಹಲಗೆಯ ಸಂದಿಯಿಂದ ಇಳಿದು ಚಾಸಿಗೆ, ಹಿಂದಿನ ಸ್ಪ್ರಿಂಗ್ ಪ್ಲೇಟುಗಳಿಗೆ, ಬ್ರೇಕ್ ಪೈಪಿಗೆ ತಾಗುತ್ತದೆ. ತುಕ್ಕು ಹೊರಗಿನಿಂದ ಕಾಣುವ ಹೊತ್ತಿಗೆ ಒಳಗೆ ಅರ್ಧ ಕಬ್ಬಿಣ ಹೋಗಿರುತ್ತದೆ. ಅದಕ್ಕೇ ಈ ಚಾಲಕರು ಪ್ರತಿ ಬಾಡಿಗೆ ಮುಗಿಸಿದ ಮೇಲೆ ಗಾಡಿಯ ಅಡಿಯನ್ನು ಸಿಹಿನೀರಿನಲ್ಲಿ ತೊಳೆಸುತ್ತಾರೆ, ಬದಲಾಯಿಸಿದ ಹಳೇ ಆಯಿಲನ್ನು ಚಾಸಿಗೆ ಬಳಿಸುತ್ತಾರೆ. ಹಳೇ ಆಯಿಲ್ ಮಣ್ಣಿಗೆ ಸೇರುವುದು ಒಳ್ಳೆಯದಲ್ಲ ಎಂದು ನಾನೆಂದೆ. "ಬೇರೆ ಎಂತ ಮಾಡುದು ಹೇಳಿ" ಎಂದರು, ನನ್ನಲ್ಲಿ ಉತ್ತರವಿರಲಿಲ್ಲ.

ದೊಡ್ಡ ಚಿಕಿತ್ಸೆ ಮಳೆಗಾಲಕ್ಕೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಡದಲ್ಲಿದ್ದರೆ ಗಾಡಿಗಳು ಗ್ಯಾರೇಜಿನಲ್ಲಿ. ಸ್ಪ್ರಿಂಗ್ ಪ್ಲೇಟು ಬಿಚ್ಚಿ ಕಟ್ಟುವುದು, ಬ್ರೇಕ್ ಲೈನರ್, ಚಾಸಿಗೆ ವೆಲ್ಡಿಂಗು, ಬಣ್ಣ, ಫಿಟ್‌ನೆಸ್ ಸರ್ಟಿಫಿಕೇಟ್ (ಎಫ್.ಸಿ.) ಎಲ್ಲವೂ ಆಗಲೇ. ಎಂಟು ವರ್ಷ ದಾಟಿದ ಸಾಗಣೆ ವಾಹನಕ್ಕೆ ಎಫ್.ಸಿ. ಪ್ರತಿ ವರ್ಷ ಮಾಡಿಸಬೇಕು. ಇವನ್ನೆಲ್ಲ ಅವರು ಶಾಲಾ ಮಕ್ಕಳ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ: ಆಯಿಲ್ ಬದಲಿಸಿದ ತಾರೀಕು, ಮೀಟರ್ ಅಂಕಿ, ಬಿಲ್ಲು. ಆ ಪುಸ್ತಕದ ಮುಂದೆ ಮೀಟರು ಏನೇನೂ ಅಲ್ಲ.

ಸೀಟಿನ ಹಿಂದಿನ ಪೆಟ್ಟಿಗೆಯನ್ನೂ ತೆಗೆದು ತೋರಿಸಿದರು. ಒಂದು ಫ್ಯಾನ್ ಬೆಲ್ಟು, ಡೀಸೆಲ್ ಫಿಲ್ಟರು, ರೇಡಿಯೇಟರ್ ಹೋಸು, ಕ್ಲಿಪ್ಪು, ಫ್ಯೂಸು, ಬಲ್ಬು, ಎಂ-ಸೀಲು, ತಂತಿ, ಒಂದು ಕ್ಯಾನ್ ಆಯಿಲು. ದೊಡ್ಡ ಸಾಮಾನು ಒಂದೂ ಇಲ್ಲ. ಕ್ಲಚ್ಚು, ಇಂಜೆಕ್ಟರು ಹೋಗುವ ಮುಂಚೆ ಹಲವು ದಿನ ಗೊಣಗುತ್ತವೆ. ಹೇಳದೆ ಕೇಳದೆ ಹೋಗುವುದು ಬೆಲ್ಟು, ಹೋಸು, ಫ್ಯೂಸಿನಂಥ ಸಣ್ಣವೇ.

ಮಂಡಗದ್ದೆ, ಸಕ್ರೆಬೈಲು, ಗಾಜನೂರು ಹಿಂದೆ ಸರಿದವು. ಶಿವಮೊಗ್ಗದಲ್ಲಿ ಅರ್ಧ ಮೀನು ಇಳಿಯಿತು. ಉಳಿದದ್ದು ಹೊನ್ನಾಳಿ ದಾಟಿ ಹರಿಹರಕ್ಕೆ. ಬಯಲು ಬಂದ ಮೇಲೆ ಚಾಲಕರಿಗೆ ಮಾತು ಮರಳಿತು. ಹೊಸ ಗಾಡಿಗಳ ಮೇಲೆ ಅವರಿಗೆ ಭರವಸೆ ಕಡಿಮೆ; ಒಂದು ಸೆನ್ಸರ್ ಹೋದರೆ ಶೋರೂಮಿನವರೇ ಬೇಕು ಎಂಬುದು ದೂರು. ದೂರಿನಲ್ಲಿ ಹುರುಳಿದೆ. ಆದರೆ 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳು ಉಗುಳುವ ಮಸಿ ಈ ಹಳತಕ್ಕಿಂತ ಎಷ್ಟೋ ಕಡಿಮೆ. ಹಳೆಯ ಗಾಡಿಯ ಹಿಂದೆ ಬೈಕಿನಲ್ಲಿ ಬರುವವರನ್ನು ಕೇಳಿದರೆ ಅವರು ಹೊಸದರ ಪರವೇ.

ಒಂದು ವಿಷಯದಲ್ಲಿ ಮಾತ್ರ ನನ್ನದೂ ಅವರದೂ ಒಂದೇ ಮಾತು. ಇಂಜಿನ್ ಕೈಕೊಟ್ಟರೆ ಗಾಡಿ ದಾರಿಬದಿಯಲ್ಲಿ ನಿಲ್ಲುತ್ತದೆ, ಹೆಚ್ಚೆಂದರೆ ಮೀನು ಹಾಳು. ಬ್ರೇಕು, ಟೈರು, ಸ್ಟೀರಿಂಗು ಕೈಕೊಟ್ಟರೆ ಗಾಡಿ ನಿಲ್ಲುವುದೇ ಇಲ್ಲ. ಅದಕ್ಕೇ ಅವರು ಇಂಜಿನ್ನಿಗೆ ಉಳಿತಾಯ ನೋಡಿಯಾರು, ಟೈರಿಗೆ ನೋಡುವುದಿಲ್ಲ. ಮುಂದಿನ ಎರಡಕ್ಕೆ ರೀಸೋಲ್ ಟೈರು ಹಾಕುವುದೇ ಇಲ್ಲ. ಹತ್ತಿದ ಗೇರಿನಲ್ಲೇ ಘಾಟಿ ಇಳಿಯುತ್ತಾರೆ, ಗಾಡಿ ಖಾಲಿಯಿದ್ದರೂ.

ಇದನ್ನು ಓದಿ ಯಾರಿಗಾದರೂ ಹಳೆಯ ಡೀಸೆಲ್ ಪಿಕಪ್ ಕೊಂಡು ದೂರ ಹೊರಡುವ ಆಸೆ ಹುಟ್ಟಿದರೆ, ನೋಡಲು ಬೆಳಿಗ್ಗೆ ಬೇಗ ಹೋಗಿ, ಇಂಜಿನ್ ತಣ್ಣಗಿರುವಾಗ. ಮೊದಲು ಬಾನೆಟ್ಟಿಗೆ ಅಂಗೈ ಇಡಿ. ಸ್ಟಾರ್ಟ್ ಮಾಡಿಸಿ, ಆಯಿಲ್ ತುಂಬುವ ಮುಚ್ಚಳ ತೆಗೆಸಿ ನೋಡಿ. ಅಲ್ಲಿಂದ ಹೊಗೆ ಭುಸುಗುಟ್ಟಿ ಬಂದರೆ ಸಿಲಿಂಡರು ಸವೆದಿದೆ. ನೀವು ಹೋಗುವ ಮೊದಲೇ ಮಾರುವವರು ಇಂಜಿನ್ ಓಡಿಸಿ ಬಿಸಿಮಾಡಿ ಇಟ್ಟಿದ್ದರೆ, ಇನ್ನೊಂದು ದಿನ ಬರುತ್ತೇವೆಂದು ಹೇಳಿ ಹೊರಟುಬಿಡಿ.